ಹುಳಿ ಸೇಬು, ಬಿಸಿ ತುಪ್ಪ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಜರ್ಮನಿಯ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಅಲ್ಲಿಂದಾಚೆಗೆ ಮಧ್ಯಾಹ್ನ ಉಂಡು ಕೈತೊಳೆದು ಬರುವಷ್ಟರಲ್ಲಿ ಸಂಜೆ. ಶ್ವಾಬೆನ್ ಸೀಮೆಯ ಎಸ್ಲಿಂಗೆನ್ ಊರಿನಲ್ಲಿ ನೆಕ್ಕಾರ್ ನದಿಯ ಮೇಲೆ ಕೂತ ಮಂಜು ಬೆಳಿಗ್ಗೆ ಹತ್ತಾದರೂ ಏಳುವುದಿಲ್ಲ. ಎದ್ದ ಮೇಲೆ ಎರಡು ಬಗೆಯ ಇಳಿಜಾರು ಕಾಣುತ್ತದೆ. ಬಿಸಿಲಿಗೆ ಮುಖಮಾಡಿದ ಕಡೆ ಕಲ್ಲುಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಎಬ್ಬಿಸಿದ ದ್ರಾಕ್ಷಿ ತೋಟ. ದ್ರಾಕ್ಷಿಗೆ ಒಗ್ಗದ ಕಡೆ, ಹುಲ್ಲುಗಾವಲಿನ ನಡುವೆ, ಅಲ್ಲೊಂದು ಇಲ್ಲೊಂದು ನಿಂತ ಮುದಿ ಸೇಬಿನ ಮರಗಳು.

ಹಿಮಾಚಲದ ಕಡೆಯ ಸೇಬಿನ ತೋಟ ಕಂಡವರಿಗೆ ಇದು ತೋಟ ಅನ್ನಿಸುವುದೇ ಇಲ್ಲ. ಮರಗಳು ಎತ್ತರ, ಹಣ್ಣು ಬೇಕಾದರೆ ಏಣಿ ಹಾಕಬೇಕು. ಕಾಂಡದ ಮೇಲೆ ಹಸಿರು ಪಾಚಿ, ಒಂದು ಕೊಂಬೆ ಒಣಗಿದೆ, ಇನ್ನೊಂದು ಹಣ್ಣಿನ ಭಾರಕ್ಕೆ ಬಾಗಿ ನೆಲ ಮುಟ್ಟಿದೆ. ಒಂದು ಮರದ ಜಾತಿ ಪಕ್ಕದ ಮರದ್ದಲ್ಲ. ಬಿದ್ದ ಹಣ್ಣಿಗೆ ಕಣಜಗಳು ಮುತ್ತಿವೆ. ನಡೆಯುವಾಗ ಕಾಲಡಿಯಿಂದ ಸಿಹಿಯೂ ವಿನೆಗರೂ ಬೆರೆತ ವಾಸನೆ ಏಳುತ್ತದೆ. ಕೆಲವು ಕಾಂಡಗಳಿಗೆ ಹಳದಿ ಪಟ್ಟಿ ಸುತ್ತಿದ್ದಾರೆ. ಈ ಮರದ ಹಣ್ಣನ್ನು ಯಾರು ಬೇಕಾದರೂ ಕೊಯ್ದುಕೊಳ್ಳಬಹುದು, ಯಜಮಾನನ ತಕರಾರಿಲ್ಲ ಎಂಬುದಕ್ಕೆ ಗುರುತು. ಉದಾರತೆ ಹೌದು, ಜೊತೆಗೆ ಸೋಲೂ ಹೌದು. ರಸ ಹಿಂಡುವ ಗಿರಣಿಯವರು ಕ್ವಿಂಟಲಿಗೆ ಕೊಡುವ ದುಡ್ಡು ಏಣಿ ಹತ್ತಿದ ಶ್ರಮಕ್ಕೆ ಸಾಲುವುದಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 1965ರಲ್ಲಿ ಇಂಥ ಚದುರಿದ ಹಣ್ಣಿನ ಮರಗಳು ಸುಮಾರು 1.8 ಕೋಟಿ ಇದ್ದವು. ಈಗ ಉಳಿದಿರುವುದು 70 ಲಕ್ಷದ ಆಸುಪಾಸು. ಮರ ಅರ್ಧಕ್ಕಿಂತ ಕಡಿಮೆಯಾದ ಮೇಲೆ, 2021ರಲ್ಲಿ, ಈ ತೋಟಗಾರಿಕೆಯನ್ನು ಜರ್ಮನಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಸರ್ಕಾರಗಳ ನಡೆ ಎಲ್ಲಿಯೂ ಒಂದೇ.

ಇಂಥದೊಂದು ಮರದ ಹಣ್ಣು ತುಂಬಿದ ಬುಟ್ಟಿ ನವೆಂಬರ್ 1ರ ಮಧ್ಯಾಹ್ನ ಎಸ್ಲಿಂಗೆನ್ನಿನ ಕನ್ನಡಿಗರ ಮನೆಯೊಂದರ ಅಡುಗೆಮನೆಯಲ್ಲಿ ಕೂತಿದೆ. ನವೆಂಬರ್ 1 ನಮಗೆ ರಾಜ್ಯೋತ್ಸವ. ಬಾಡೆನ್-ವುರ್ಟೆಂಬರ್ಗ್‌ಗೆ ಸಕಲ ಸಂತರ ದಿನ. ಎರಡೂ ಕಡೆ ರಜೆ. ಆದರೆ ಅಲ್ಲಿಯದು ಮೌನದ ರಜೆ. ಅಂಗಡಿ ಬಂದ್, ಕುಣಿತದ ಕೂಟಗಳಿಗೆ ನಿರ್ಬಂಧ. ಕನ್ನಡ ಕೂಟದವರು ಅನುಕೂಲ ನೋಡಿಕೊಂಡು ಮುಂದಿನ ಯಾವುದೋ ಶನಿವಾರ ಬಾವುಟ ಹಾರಿಸುತ್ತಾರೆ. ಆವತ್ತಿನ ಮಟ್ಟಿಗೆ ಮನೆಯಲ್ಲೇ ಏನಾದರೂ ಸಿಹಿ ಆಗಬೇಕು, ಮನೆಯಲ್ಲಿರುವುದರಲ್ಲೇ ಆಗಬೇಕು.

ಮನೆಯಲ್ಲಿರುವುದು ಸೇಬು. ಕೆಳಮನೆಯ ಅಜ್ಜಿಯದು. ಎಂಬತ್ತರ ಹತ್ತಿರ ಬಂದರೂ ಗುಡ್ಡದ ಮೇಲಿನ ತುಂಡು ಜಮೀನನ್ನು ಬಿಟ್ಟವರಲ್ಲ. ಅವರ ಸೇಬಿನ ಜಾತಿ ಬೋಸ್ಕೋಪ್. 1856ರಲ್ಲಿ ಹಾಲೆಂಡಿನ ಬೋಸ್ಕೋಪ್ ಎಂಬ ಊರಿನಲ್ಲಿ ಕಂಡುಬಂದು ಅಲ್ಲಿಂದ ಹರಡಿದ್ದು. ನೋಡಲು ಏನೂ ಚಂದವಿಲ್ಲ. ಒಂದೊಂದೂ ಒಂದೊಂದು ಆಕಾರ, ಸಿಪ್ಪೆ ಒರಟು, ಕಂದು ಬಣ್ಣ, ಹಿಡಿದರೆ ಆಲೂಗಡ್ಡೆ ಹಿಡಿದ ಹಾಗೆ. ಹಸಿಯಾಗಿ ಕಚ್ಚಿದರೆ ಹಲ್ಲು ಚುಳ್ಳೆನ್ನುತ್ತದೆ. ಮಗಳ ಮನೆಗೆ ಮೂರು ತಿಂಗಳ ವೀಸಾದ ಮೇಲೆ ಬಂದಿರುವ ತೀರ್ಥಹಳ್ಳಿಯ ತಾಯಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದರು. "ಇದು ಉಪ್ಪಿನಕಾಯಿಗೆ ಬೆಳೆದಿದ್ದು ಮಗಾ. ಸಿಹಿಗೆ ಎಂತಕ್ಕೆ?"

ಸಿಹಿಗೆ ಇದೇ ಬೇಕು. ಶ್ವಾಬೆನ್ನಿನವರು ಆಪ್ಫೆಲ್‌ಕ್ಯೂಖ್ಲೆ ಎನ್ನುವ ಈ ತಿಂಡಿ ಬಿಸಿ ಹಿಟ್ಟಿನ ಹೊದಿಕೆಯೊಳಗೆ ಬೆಂದ ಸೇಬಿನ ಬಿಲ್ಲೆ, ಮೇಲೆ ಚಕ್ಕೆ ಪುಡಿ ಬೆರೆಸಿದ ಸಕ್ಕರೆ, ಪಕ್ಕದಲ್ಲಿ ವೆನಿಲ್ಲಾ ಸಾರು. ಹಿಟ್ಟು ಸಪ್ಪೆ, ಸಕ್ಕರೆ ಸಿಹಿ, ಸಾರು ಸಿಹಿ. ಇದರೊಳಗೆ ಹಣ್ಣೂ ಸಿಹಿಯಾದರೆ ನಾಲಿಗೆ ಎರಡನೆಯ ಬಿಲ್ಲೆಗೇ ಸೋಲುತ್ತದೆ. ವರ್ಷವಿಡೀ ಅಂಗಡಿಯಲ್ಲಿ ಹೊಳೆಯುವ ಗಾಲಾ, ಪಿಂಕ್ ಲೇಡಿಗಳನ್ನು ಕರಿದು ನೋಡಿದವರಿಗೆ ಗೊತ್ತು. ಒಳಗೆ ಬೆಚ್ಚಗಿನ ಸಕ್ಕರೆ ನೀರು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಬೋಸ್ಕೋಪಿನ ಹುಳಿ ಬೆಂದಮೇಲೂ ಉಳಿಯುತ್ತದೆ, ಬಿಸಿಗೆ ಇನ್ನಷ್ಟು ಘಮಿಸುತ್ತದೆ. ಬೆಂಗಳೂರಿನಲ್ಲಿ ಮಾಡುವವರು ಹಸಿರು ಗ್ರಾನಿ ಸ್ಮಿತ್ ಹುಡುಕಿದರೆ ಮೋಸವಿಲ್ಲ. ಕೆಂಪು ಸೇಬನ್ನು ಹಾಗೆಯೇ ತಿನ್ನಿ.

ಅಳಿಯ ಸಿಪ್ಪೆ ಹೆರೆಯಲು ಕೂತ. ಹಣ್ಣಿನ ನಡುಭಾಗವನ್ನು ಬೀಜ ಸಮೇತ ಎಳೆದು ತೆಗೆಯಲು ಅಲ್ಲಿ ಕೊಳವೆಯಂಥ ಚಾಕುವಿದೆ. ತೊಟ್ಟಿನ ಕಡೆಯಿಂದ ಚುಚ್ಚಿ, ತಿರುವಿ, ಎಳೆದರಾಯಿತು. ಆಮೇಲೆ ಅಡ್ಡಕ್ಕೆ ಕೊಯ್ದರೆ ನಡುವೆ ತೂತಿರುವ ಬಿಲ್ಲೆಗಳು. ಆ ತೂತು ಅಲಂಕಾರಕ್ಕಲ್ಲ. ಸೇಬು ಎಲ್ಲಕ್ಕಿಂತ ತಡವಾಗಿ ಬೇಯುವುದು ನಡುವಿನಲ್ಲಿ. ನಡುವೇ ಇಲ್ಲದಿದ್ದರೆ ಕಾಯುವ ಕೆಲಸವೂ ಇಲ್ಲ. ದಪ್ಪ ಒಂದು ಸೆಂಟಿಮೀಟರ್. ಅದಕ್ಕಿಂತ ತೆಳುವಾದರೆ ಹಿಟ್ಟಿನೊಳಗೆ ಹಣ್ಣು ಕರಗಿ ಮಾಯ, ದಪ್ಪವಾದರೆ ಹೊರಗೆ ಕಂದಾದರೂ ಒಳಗೆ ಕಟಕಟ. ಕೊಯ್ದ ಬಿಲ್ಲೆ ನೋಡನೋಡುತ್ತ ಕಂದಾಗತೊಡಗುತ್ತದೆ. ಗಾಳಿ ತಾಕಿದೊಡನೆ ಹಣ್ಣಿನೊಳಗಿನ ಕಿಣ್ವ ಕೆಲಸ ಶುರುಮಾಡುವುದರಿಂದ ಹಾಗೆ. ನಿಂಬೆರಸ ಸವರಿದರೆ ಅದು ಸುಮ್ಮನಾಗುತ್ತದೆ. ಸಕ್ಕರೆಯನ್ನು ಮಾತ್ರ ಈಗಲೇ ಮುಟ್ಟಬೇಡಿ. ಸಕ್ಕರೆ ನೀರು ಎಳೆಯುತ್ತದೆ, ಒದ್ದೆ ಬಿಲ್ಲೆಗೆ ಹಿಟ್ಟು ಹಿಡಿಯುವುದಿಲ್ಲ, ಎಣ್ಣೆಗೆ ಬಿಟ್ಟೊಡನೆ ಹೊದಿಕೆ ಒಂದು ಕಡೆ, ಹಣ್ಣು ಒಂದು ಕಡೆ. ಬಟ್ಟೆಯಿಂದ ಒತ್ತಿ ಒರೆಸಿ, ಒಣ ಮೈದಾದಲ್ಲಿ ಒಮ್ಮೆ ಹೊರಳಿಸಿ ಇಡುವುದು ಜಾಣತನ.

ಅಷ್ಟರಲ್ಲಿ ಕೆಳಮನೆಯ ಅಜ್ಜಿ ಮೇಲೆ ಬಂದರು. ಕೈಯಲ್ಲಿ ನಾಲ್ಕು ಮೊಟ್ಟೆ, ಕಂಕುಳಲ್ಲಿ ಒಂದು ಬಾಟಲಿ. ಏಳು ವರ್ಷದ ಮೊಮ್ಮಗಳು ಓಡಿಹೋಗಿ "ಓಮಾ!" ಎಂದು ತಬ್ಬಿಕೊಂಡಳು. ಅವಳಿಗೆ ಮೇಲೆ ಅಜ್ಜಿ, ಕೆಳಗೆ ಓಮಾ. ಎರಡು ಮಹಡಿಯ ನಡುವೆ ದುಭಾಷಿಯ ಕೆಲಸ ಅವಳದೇ. ತೀರ್ಥಹಳ್ಳಿಯ ತಾಯಿ ಸೆರಗು ಸರಿಮಾಡಿಕೊಂಡು "ಬನ್ನಿ ಅಕ್ಕಾ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದರು. ಓಮಾ ತಮ್ಮ ಭಾಷೆಯಲ್ಲಿ ಏನೋ ಹೇಳಿ ಕೂತರು. ತರ್ಜುಮೆ ಯಾರೂ ಕೇಳಲಿಲ್ಲ.

ಹಿಟ್ಟಿನ ವಿಷಯದಲ್ಲಿ ಮಾತ್ರ ತರ್ಜುಮೆ ಬೇಕಾಯಿತು. ಓಮಾ ಕಲಸುವ ಹಿಟ್ಟಿಗೆ 200 ಗ್ರಾಂ ಮೈದಾ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ, ಎರಡು ಮೊಟ್ಟೆಯ ಹಳದಿ, ಮತ್ತೆ ಹಾಲು ಅಥವಾ ಬಿಯರ್. ಬಿಳಿಯನ್ನು ಬೇರೆ ಬಟ್ಟಲಲ್ಲಿ ನೊರೆಯೇಳುವಂತೆ ಕಡೆದು ಕೊನೆಗೆ ಮೆಲ್ಲಗೆ ಬೆರೆಸಬೇಕು. ಅವರ ತೌರಿನಲ್ಲಿ ಬಿಯರಿನ ಬದಲು ಮೋಸ್ಟ್ ಹಾಕುತ್ತಿದ್ದರಂತೆ. ಬಾಟಲಿಯಲ್ಲಿದ್ದದ್ದು ಅದೇ.

"ಎಂತದು ಅದು?" ತಾಯಿ ಕೇಳಿದರು.

"ಸೇಬಿನ ರಸ ಅತ್ತೆ," ಎಂದ ಅಳಿಯ. "ಸ್ವಲ್ಪ ಹಳೇದು."

ವಾಸನೆ ಹಿಡಿದು ನೋಡಿದವರಿಗೆ ಎಷ್ಟು ಹಳೆಯದೆಂದು ಗೊತ್ತಾಯಿತು. ಮೊಟ್ಟೆಯೂ ಆಗದು, ಇದೂ ಆಗದು. ಹೀಗೆ ಎರಡು ಬೋಗುಣಿ ಬಂದವು. ತಾಯಿ ತಮ್ಮದಕ್ಕೆ ಮೈದಾದ ಜೊತೆ ಎರಡು ಚಮಚ ಅಕ್ಕಿಹಿಟ್ಟು ಹಾಕಿ, ಜರ್ಮನರು ನೀರಿನ ಬದಲು ಕುಡಿಯುವ ಗ್ಯಾಸ್ ತುಂಬಿದ ಬಾಟಲಿ ನೀರಿನಲ್ಲಿ ಕಲಸಿದರು. ಅದು ಮಗಳ ಉಪಾಯ, ಓಮಾ ಕೂಡ ತಲೆಯಾಡಿಸಿದರು. ಬಿಯರಿನಿಂದ ಹಿಟ್ಟಿಗೆ ಸಿಗುವುದರಲ್ಲಿ ಮುಖ್ಯವಾದದ್ದು ಗುಳ್ಳೆ. ಎಣ್ಣೆಯ ಬಿಸಿಗೆ ಆ ಗುಳ್ಳೆ ಹಿಗ್ಗಿ ಹೊದಿಕೆಯನ್ನು ಹಗುರ ಮಾಡುತ್ತದೆ. ಗುಳ್ಳೆ ನೀರೂ ಅದನ್ನೇ ಮಾಡುತ್ತದೆ. ಕೆಲಸಕ್ಕೆ ಬರುವವರೆಗೆ ಅದನ್ನು ಫ್ರಿಜ್ಜಿನಲ್ಲೇ ಇಟ್ಟು, ಕರಿಯುವ ಹೊತ್ತಿಗೇ ಸುರಿದು, ಗಂಟಿದ್ದರೂ ಪರವಾಗಿಲ್ಲವೆಂದು ಬಿಡಬೇಕು. ತಿರುವಿದಷ್ಟೂ ಗುಳ್ಳೆ ಸಾಯುತ್ತದೆ, ಮೈದಾ ಜಿಗುಟಾಗುತ್ತದೆ.

ಹುದುಗು ಬೆರೆಸಿದ ಹಿಟ್ಟಿನಲ್ಲಿ ಸೇಬು ಕರಿಯುವುದು ಹೊಸ ಸಂಗತಿಯಲ್ಲ. 1390ರ ಸುಮಾರಿಗೆ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು ಬರೆದಿಟ್ಟ ಅಡುಗೆ ಸಂಗ್ರಹದಲ್ಲೇ ಮೊಟ್ಟೆ, ಏಲ್ ಎಂಬ ಬಿಯರು, ಕೇಸರಿ ಹಾಕಿದ ಹಿಟ್ಟಿನಲ್ಲಿ ಸೇಬನ್ನು ಅದ್ದಿ ಕರಿಯುವ ವಿಧಾನವಿದೆ. ಅದು ಅರಮನೆಯ ಮಾತು. ಶ್ವಾಬೆನ್ನಿನ ಹಳ್ಳಿಗಳಲ್ಲಿ ಸೇಬು ಇಷ್ಟು ಮನೆಮಾತಾದದ್ದರ ಹಿಂದೆ ಹಸಿವಿದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಬೂದಿ-ಗಂಧಕ ಆಕಾಶ ಮುಚ್ಚಿದ್ದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ವುರ್ಟೆಂಬರ್ಗಿನಲ್ಲಿ ಪೈರು ಹೊಲದಲ್ಲೇ ಕೊಳೆಯಿತು, ಜನ ಊರು ಬಿಟ್ಟರು. ಬರ ತಗ್ಗಿದ ಮೇಲೆ, 1818ರಲ್ಲಿ, ದೊರೆ ಒಂದನೆಯ ವಿಲ್ಹೆಲ್ಮ್ ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆ ತೆರೆದ. ಅದೇ ವರ್ಷ ಕಾನ್‌ಷ್ಟಾಟ್‌ನಲ್ಲಿ ರೈತರ ಜಾತ್ರೆಯನ್ನೂ ಶುರುಮಾಡಿದ. ಶಾಲೆ ಇಂದು ವಿಶ್ವವಿದ್ಯಾಲಯ. ಜಾತ್ರೆ ಇಂದಿಗೂ ಪ್ರತಿ ಶರತ್ಕಾಲದಲ್ಲಿ ನಡೆಯುತ್ತದೆ. ನಡುವೆ ಹಣ್ಣು-ತರಕಾರಿಗಳಿಂದ ಸಿಂಗರಿಸಿದ ಎತ್ತರದ ಕಂಬ ನಿಲ್ಲುತ್ತದೆ, ಸುತ್ತ ಬಿಯರ್ ಡೇರೆಗಳೇ ಹೆಚ್ಚು.

ಆ ಬೇಸಿಗೆಯಿಲ್ಲದ ವರ್ಷದಲ್ಲಿ ಐದು ವರ್ಷದ ಹುಡುಗನಾಗಿದ್ದ ಒಬ್ಬನನ್ನು ನಾವು ಬಲ್ಲೆವು. ಇದೇ ನಾಡಿನ ಬ್ರಾಕೆನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ, ಮಂಗಳೂರಿಗೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್. ಆತ ತೀರಿಕೊಂಡದ್ದು 1881ರಲ್ಲಿ, ಈ ಎಸ್ಲಿಂಗೆನ್ನಿನಲ್ಲೇ. ನಿಘಂಟಿನ ಕಿಟ್ಟೆಲ್ಲರು ಕಣ್ಣುಮುಚ್ಚಿದ ಟ್ಯೂಬಿಂಗೆನ್ನೂ ಇಲ್ಲಿಂದ ದೂರವಿಲ್ಲ. ಈಗ ದಾರಿ ತಿರುಗುಮುರುಗಾಗಿದೆ. ಅಳಿಯನಂಥವರು ಆಡುಗೋಡಿಯಿಂದ ಹೊರಟು ಗೆರ್ಲಿಂಗೆನ್ ಗುಡ್ಡದ ಮೇಲಿನ ಬಾಷ್ ಕೇಂದ್ರ ಕಚೇರಿಗೆ ಬರುತ್ತಾರೆ. ಆ ಗುಡ್ಡದ ಹತ್ತಿರವೇ ಸೊಲಿಟ್ಯೂಡ್ ಅರಮನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಡ್ಯೂಕನ ಸಸಿ ತೋಟ ನೋಡಿಕೊಳ್ಳುತ್ತಿದ್ದವನು ಕವಿ ಶಿಲ್ಲರನ ತಂದೆ ಯೋಹಾನ್ ಕಾಸ್ಪರ್ ಶಿಲ್ಲರ್. ಸಾವಿರಾರು ಹಣ್ಣಿನ ಸಸಿ ಬೆಳೆಸಿ, ಆ ಅನುಭವವನ್ನೆಲ್ಲ 1795ರಲ್ಲಿ ಒಂದು ಪುಸ್ತಕ ಮಾಡಿದ. ಮಗ ಲೋಕಪ್ರಸಿದ್ಧನಾದ; ಸೇಬು ತಿನ್ನುವಾಗ ಅಪ್ಪನನ್ನು ನೆನೆಯುವುದು ನ್ಯಾಯ.

ಬಾಣಲೆಗೆ ಏನು ಹಾಕುವುದು ಎಂಬ ಪ್ರಶ್ನೆಗೆ ಓಮಾ ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. ಬುಟರ್‌ಷ್ಮಾಲ್ಟ್ಸ್, 250 ಗ್ರಾಂ, ಬೆಣ್ಣೆಯ ಪಕ್ಕದಲ್ಲೇ ಮಾರುತ್ತಾರೆ. ತಾಯಿ ಬಿಚ್ಚಿ ಮೂಸಿದರು. "ತುಪ್ಪ ಅಲ್ವನೇ ಇದು! ಘಮ ಮಾತ್ರ ಸಾಲ್ದು." ಎರಡು ಮಾತೂ ಸರಿ. ಬೆಣ್ಣೆ ಕಾಯಿಸಿ ಹಾಲಿನಂಶ ತೆಗೆದದ್ದೇ ಅದು. ಮೊಸರು ಕಡೆದು ತೆಗೆದ ಬೆಣ್ಣೆಯನ್ನು ಕಂದು ಗಸಿ ಕೂರುವವರೆಗೆ ಕಾಯಿಸುವ ನಮ್ಮ ಕ್ರಮದ ಪರಿಮಳ ಅದಕ್ಕಿಲ್ಲ. ಜರ್ಮನರಿಗೆ ಅದು ಕರಿಯುವ ಸಾಮಗ್ರಿ. ಬೇಗ ಕರಕಲಾಗದು ಎಂಬುದೇ ಅದರ ಗುಣ. ಅಲ್ಲಿನ ಭಾರತೀಯ ಮನೆಗಳಲ್ಲಿ ಅನ್ನಕ್ಕೂ ಬೀಳುವುದು, ದೀಪಕ್ಕೂ ಬೀಳುವುದು ಅದೇ. ಎರಡು ಬಾಣಲೆ, ಎರಡರಲ್ಲೂ ಅರ್ಧ ತುಪ್ಪ, ಅರ್ಧ ಸೂರ್ಯಕಾಂತಿ ಎಣ್ಣೆ. ಅಳಿಯ ಎದ್ದು ಅಡುಗೆಮನೆಯ ಬಾಗಿಲು ಹಾಕಿ, ಕಿಟಕಿ ತೆರೆದ. ಮಲಗುವ ಕೋಣೆಗಳಿಗೂ ನಡುಹಜಾರಕ್ಕೂ ಹೊಗೆ ಪತ್ತೆಹಚ್ಚುವ ಗಂಟೆ ಹಾಕಿಸುವುದು ಆ ರಾಜ್ಯದ ಕಾನೂನು; ಒಗ್ಗರಣೆಗೇ ಕಿರಿಚಿಕೊಂಡ ಇತಿಹಾಸ ಅದಕ್ಕಿದೆ. ಹೊರಗಿನ ಎಂಟು ಡಿಗ್ರಿ ಚಳಿ ಒಳಬಂದು ಒಲೆಯ ಮುಂದೆ ನಿಂತವರ ಬೆನ್ನು ಹಿಡಿಯಿತು.

ಕಾವು 170 ಡಿಗ್ರಿ ಇರಬೇಕು. ಓಮಾ ಮರದ ಸೌಟಿನ ಹಿಡಿಯನ್ನು ಎಣ್ಣೆಗೆ ಇಳಿಸಿ, ಸುತ್ತ ಗುಳ್ಳೆ ಏಳುವುದನ್ನು ನೋಡಿದರು. ತಾಯಿ ಒಂದು ಹನಿ ಹಿಟ್ಟು ಬಿಟ್ಟು, ಅದು ತಳ ಮುಟ್ಟಿ ಕೂಡಲೇ ಮೇಲೆ ಬಂದದ್ದನ್ನು ನೋಡಿದರು. ಇಬ್ಬರೂ ಒಂದೇ ಗಳಿಗೆಗೆ ಬಿಲ್ಲೆ ಎತ್ತಿಕೊಂಡರು.

ಫೋರ್ಕಿನಲ್ಲಿ ತೂತಿಗೆ ಚುಚ್ಚಿ ಎತ್ತಿ, ಹಿಟ್ಟಿಗೆ ಅದ್ದಿ, ಹೆಚ್ಚಾದದ್ದು ಸೋರಲು ಒಂದು ಕ್ಷಣ ಕೊಟ್ಟು, ಅಂಚಿನಿಂದ ಜಾರಿಸುವುದು ಓಮಾ ಕ್ರಮ. ತಾಯಿಗೆ ಬೆರಳೇ ಫೋರ್ಕು. ಬಿಟ್ಟೊಡನೆ ಎಣ್ಣೆ ಭೋರ್ಗರೆಯಿತು. ಸೇಬಿನಲ್ಲಿ ನೂರಕ್ಕೆ ಎಂಬತ್ತೈದರಷ್ಟು ನೀರು. ಹೊದಿಕೆ ಗಟ್ಟಿಯಾಗುತ್ತಲೇ ಆ ನೀರು ಒಳಗೆ ಹಬೆಯಾಗಿ ಹಣ್ಣನ್ನು ಬೇಯಿಸುತ್ತದೆ. ಎಣ್ಣೆ ಕರಿಯುವುದು ಹೊರಗನ್ನು ಮಾತ್ರ; ಒಳಗಿನದು ಇಡ್ಲಿಯ ಕೆಲಸ. ಭೋರ್ಗರೆತ ಸಣ್ಣಗಾದಾಗ ತಿರುವಬೇಕು. ಒಂದು ಬದಿಗೆ ಎರಡು ನಿಮಿಷ. ಬಾಣಲೆಗೆ ನಾಲ್ಕಕ್ಕಿಂತ ಹೆಚ್ಚು ಬಿಟ್ಟರೆ ಕಾವು ಇಳಿದು ಹಿಟ್ಟು ಎಣ್ಣೆ ಕುಡಿಯುತ್ತದೆ. ಮೊದಲ ಸುತ್ತು ನೋಡಿ ಹೊಟ್ಟೆಬಾಕತನ ತಡೆದುಕೊಳ್ಳುವವರು ಕಡಿಮೆ, ಎರಡನೆಯ ಸುತ್ತಿಗೆ ಆರು ಬಿದ್ದವು. ಅವು ಕೊಂಚ ಮೆತ್ತಗೇ ಬಂದವು.

ಮೊಟ್ಟೆಯ ಹಿಟ್ಟಿನವು ಉಬ್ಬಿ, ಮೃದುವಾಗಿ, ತಿಳಿ ಬಣ್ಣಕ್ಕೆ ಬಂದವು. ಅಕ್ಕಿಹಿಟ್ಟಿನವು ತೆಳ್ಳಗೆ, ಗರಿಗರಿ, ಅಂಚಿನಲ್ಲಿ ಜಾಲರಿ. ಓಮಾ ಎರಡನ್ನೂ ಮುರಿದು ನೋಡಿ ತಮ್ಮದೇ ಸರಿ ಎಂದರು. ತಾಯಿ ಮುರಿಯದೆಯೇ ತಮ್ಮದು ಸರಿ ಎಂದರು. ನನ್ನನ್ನು ಕೇಳಿದರೆ, ಮೊದಲ ಐದು ನಿಮಿಷ ತಾಯಿಯದು, ಆಮೇಲೆ ಓಮಾದು. ಗರಿಗರಿ ಹೊದಿಕೆಯ ಆಯುಸ್ಸು ಸಣ್ಣದು, ಒಳಗಿನ ಹಬೆ ಅದನ್ನು ಬೇಗ ಸೋಲಿಸುತ್ತದೆ.

ತಟ್ಟೆಯ ಸಕ್ಕರೆಯಲ್ಲಿ ಚಕ್ಕೆ ಪುಡಿ ಬೆರೆಸಿ ಕಾದಿದ್ದವಳು ಮೊಮ್ಮಗಳು. ಎಣ್ಣೆಯಿಂದ ತೆಗೆದು ಕಾಗದದ ಮೇಲೆ ಒಂದೆರಡು ಉಸಿರು ಬಿಟ್ಟು ಕೂಡಲೇ ಹೊರಳಿಸಬೇಕು. ತಣಿದರೆ ಸಕ್ಕರೆ ಅಂಟದು. ಬಿಸಿ ತಾಗಿದ ಚಕ್ಕೆಯ ವಾಸನೆ, ಹುಳಿ ಸೇಬಿನದು, ತುಪ್ಪದ್ದು, ಮೂರೂ ಸೇರಿದ ಮೇಲೆ ಮುಚ್ಚಿದ ಬಾಗಿಲು ಯಾರನ್ನೂ ತಡೆಯಲಿಲ್ಲ. ಎಲ್ಲರೂ ಅಡುಗೆಮನೆಗೇ ಬಂದು ನಿಂತರು. ಇದನ್ನು ಊಟದ ಮೇಜಿಗೆ ಒಯ್ದು ಬಡಿಸಿ ತಿನ್ನುವುದು ಹೋಟೆಲಿನವರಿಗೆ ಬಿಟ್ಟದ್ದು. ಮನೆಯಲ್ಲಿ ಒಲೆಯ ಬಳಿ, ಬೆರಳು ಬದಲಿಸಿ ಬದಲಿಸಿ ಹಿಡಿದು ತಿನ್ನಬೇಕು. ಹಲ್ಲಿಗೆ ಮೊದಲು ಸಕ್ಕರೆಯ ಮರಳು, ಹಿಂದೆಯೇ ಗರಿ, ಆಮೇಲೆ ನಾಲಿಗೆ ಸುಡುವ ಹುಳಿ.

ವೆನಿಲ್ಲಾ ಸಾರಿಗೆ ಮಗಳು ಹಾಲು ಕಾಯಿಸಿ, ಮೊಟ್ಟೆಯ ಬದಲು ಜೋಳದ ಪಿಷ್ಟ ಕದಡಿ, ಒಂದು ಕೋಡನ್ನು ಉದ್ದಕ್ಕೆ ಸೀಳಿ ಒಳಗಿನ ಕಪ್ಪು ಕಾಳು ಕೆರೆದು ಹಾಕಿದ್ದಳು. ತಾಯಿ ಆ ಸೀಳಿದ ಕೋಡನ್ನು ಬಿಸಾಡಲು ಬಿಡಲಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಮಲೆನಾಡಿನ ಅಡಿಕೆ ತೋಟಗಳಿಗೆ ವೆನಿಲ್ಲಾ ಹುಚ್ಚು ಹಿಡಿದಿದ್ದು, ಬಳ್ಳಿಯ ತುಂಡಿಗೂ ಕಾವಲು ಹಾಕಿದ್ದು ಅವರ ಕಣ್ಣೆದುರಿನ ಸಂಗತಿ. ಹೂವು ಅರಳುವುದು ಒಂದೇ ಬೆಳಿಗ್ಗೆ. ಅಲ್ಲಿ ಪರಾಗಸ್ಪರ್ಶಕ್ಕೆ ಅದರ ಕೀಟವಿಲ್ಲ. ಮಧ್ಯಾಹ್ನದೊಳಗೆ ಒಂದೊಂದು ಹೂವಿಗೂ ಕಡ್ಡಿ ಹಿಡಿದು ಕೈಯಾರೆ ಮಾಡಬೇಕು. "ಬೆಳಿಗ್ಗೆ ತಿಂಡಿ ಮಾಡ್ಲಿಕ್ಕೂ ಪುರುಸೊತ್ತಿಲ್ಲ, ಮನೆಯವರೆಲ್ಲ ತೋಟದಲ್ಲೇ. ಕೋಡು ಬರೋ ಹೊತ್ತಿಗೆ ರೇಟು ಬಿತ್ತು. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ವಿ." ಅದರ ಸಾರು ಹೇಗಿರುತ್ತದೆಂದು ಅವರು ನೋಡುತ್ತಿರುವುದು ಈಗಲೇ. ಎರಡು ಚಮಚ ಕುಡಿದು, ಬಟ್ಟಲು ಕೆಳಗಿಟ್ಟು, "ಏಲಕ್ಕಿ ಇದ್ದಿದ್ರೆ ಚಂದಿತ್ತು" ಎಂದರು.

ಮೊಮ್ಮಗಳು ಅದನ್ನು ಓಮಾಗೆ ಹೇಳಿದಳು. ಓಮಾ ಏಲಕ್ಕಿಯನ್ನು ಕ್ರಿಸ್‌ಮಸ್ ಬಿಸ್ಕತ್ತಿಗೆ ಮೀಸಲಿಟ್ಟವರು. ಯೋಚಿಸಿ, ಬೇಡ ಎಂದರು. ಬದಲಿಗೆ ಜೂನ್ ತಿಂಗಳ ಮಾತು ತೆಗೆದರು. ಹೊಳೆದಂಡೆಯ ಎಲ್ಡರ್ ಗಿಡದ ಬಿಳಿ ಹೂಗೊಂಚಲನ್ನು ಇದೇ ಹಿಟ್ಟಿನಲ್ಲಿ ತೊಟ್ಟು ಹಿಡಿದು ಅದ್ದಿ ಕರಿಯುತ್ತಾರಂತೆ. ದೊಡ್ಡಪತ್ರೆ ಎಲೆ, ಹೀರೆಕಾಯಿ ಬಿಲ್ಲೆ ಕರಿದು ಬೆಳೆದ ತಾಯಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಸೇಬು ಮುಗಿಯಿತು. ತಾಯಿಯ ಬೋಗುಣಿಯಲ್ಲಿ ಇನ್ನೂ ಎರಡು ಸೌಟು ಹಿಟ್ಟು, ಬಾಣಲೆಯಲ್ಲಿ ಕಾದ ಎಣ್ಣೆ. ಎರಡನ್ನೂ ಚೆಲ್ಲುವುದು ಅವರ ಜಾಯಮಾನದಲ್ಲಿಲ್ಲ. ಯಾರನ್ನೂ ಕೇಳದೆ ಎರಡು ಈರುಳ್ಳಿ ಉದ್ದುದ್ದ ಹೆಚ್ಚಿ, ಉಪ್ಪು, ಕರಿಬೇವು, ಹಸಿಮೆಣಸು, ಮಗಳು ಡಬ್ಬಿಯಲ್ಲಿಟ್ಟಿದ್ದ ಓಮದ ಕಾಳು ಸೇರಿಸಿ, ಕಡಲೆಹಿಟ್ಟು ಉದುರಿಸಿ ಗಟ್ಟಿ ಮಾಡಿಕೊಂಡರು. ಐದು ನಿಮಿಷದಲ್ಲಿ ಪಕೋಡ. ಸಿಹಿಯ ಬೆನ್ನಿಗೆ ಖಾರ ಬಿದ್ದದ್ದೇ ಅಳಿಯ ಮತ್ತೆ ತಟ್ಟೆ ಹಿಡಿದ. ಓಮಾ ಕೂಡ ಒಂದು ಎತ್ತಿಕೊಂಡು ಸಕ್ಕರೆಯ ತಟ್ಟೆಯಲ್ಲಿ ಹೊರಳಿಸಲು ಹೋದರು. ಮೊಮ್ಮಗಳು ಕೈ ಹಿಡಿದು ತಡೆದಳು. ಹಾಗೇ ಕಚ್ಚಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೈ ಮೋಸ್ಟ್ ಬಾಟಲಿಯ ಕಡೆ ಹೋಯಿತು.

"ಪುಟ್ಟೀ," ಎಂದರು ತಾಯಿ ಗಾಬರಿಯಲ್ಲಿ, "ಇಡೀ ಹಿಟ್ಟಿಗೆ ಒಂದೇ ಮೆಣಸು ಹಾಕಿದ್ದು ಅಂತ ಹೇಳೇ ಅವರಿಗೆ."